ನಾವು ತೆಗೆದ ಚಲನಚಿತ್ರ

ಚಲನಚಿತ್ರದಲ್ಲಿ ನಿಜವಾಗಿ ಚಲಿಸುವುದು ಏನೂ ಇಲ್ಲ. ಸೆಕೆಂಡಿಗೆ 24ರಂತೆ ಸ್ಥಿರಚಿತ್ರಗಳು ಒಂದರ ಹಿಂದೊಂದು ತೆರೆಯ ಮೇಲೆ ಬಂದು ಹೋಗುತ್ತವೆ. ಅವುಗಳಿಂದ ಚಲನೆಯನ್ನು ಕಟ್ಟಿಕೊಳ್ಳುವುದು ನಮ್ಮ ಕಣ್ಣು ಮತ್ತು ಮನಸ್ಸು. ಈ ಲೆಕ್ಕದಲ್ಲಿ ಐದು ನಿಮಿಷದ ಚಿತ್ರಕ್ಕೆ 7,200 ಚಿತ್ರಗಳು ಬೇಕು. ನಮ್ಮೂರಿನ ಪ್ರೌಢಶಾಲೆಯ ಮಕ್ಕಳು ಊರ ಕೆರೆಯನ್ನು ಕುರಿತು ಅಂಥದೊಂದು ಚಿತ್ರವನ್ನು ತೆಗೆಯಲು ಹೊರಟಾಗ, ನಿರೂಪಣೆಯ ಕನ್ನಡವನ್ನು ತಿದ್ದಿಕೊಡಲು ನನ್ನನ್ನು ಕರೆದರು. ತಿದ್ದುವ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ನಾನು ಮಾತ್ರ ಎರಡು ತಿಂಗಳು ಅವರೊಡನೆಯೇ ಉಳಿದೆನು. ನಿವೃತ್ತನಾದವನಿಗೆ ವಿದ್ಯಾರ್ಥಿಯಾಗುವ ಯೋಗ ಪದೇ ಪದೇ ಬರುವುದಿಲ್ಲವಷ್ಟೆ!

ಕ್ಯಾಮೆರಾ ಎಂದರೆ ಒಬ್ಬ ಉಪಾಧ್ಯಾಯರ ಮೊಬೈಲ್ ಫೋನು. ಮೊದಲ ದಿನ ಮಕ್ಕಳು ಕೆರೆಯ ಏರಿಯ ಮೇಲೆ ನಿಂತು ಅದನ್ನು ಎಡಕ್ಕೂ ಬಲಕ್ಕೂ ಬೀಸಿದರು. ಶಾಲೆಗೆ ಬಂದು ನೋಡಿದರೆ ತಲೆ ಸುತ್ತಿತೇ ಹೊರತು ಕೆರೆ ಕಾಣಿಸಲಿಲ್ಲ. ಮರುದಿನ ಫೋನನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ, ಇಪ್ಪತ್ತು ಎಣಿಸುವವರೆಗೆ ಯಾರೂ ಮುಟ್ಟಕೂಡದೆಂದು ಅವರೇ ಕಟ್ಟಳೆ ಮಾಡಿಕೊಂಡರು. ಆಗ ಕೊಕ್ಕರೆಯೊಂದು ತಾನಾಗಿ ಚೌಕಟ್ಟಿನೊಳಕ್ಕೆ ನಡೆದು ಬಂದಿತು.

ಹಿಂದೆ ತೂಬನ್ನೆತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಹಂಚುತ್ತಿದ್ದ ನೀರುಗಂಟಿಯೊಬ್ಬರು ನಮ್ಮೂರಿನಲ್ಲಿದ್ದಾರೆ. ಅವರು ಹುಣಿಸೆಮರದ ನೆರಳಿನಲ್ಲಿ ಕುಳಿತಾಗ ಮುಖವೆಲ್ಲ ಕಪ್ಪಾಗಿ ಕಂಡಿತು. ಹುಡುಗನೊಬ್ಬನು ಬಿಳಿಯ ಥರ್ಮೋಕೋಲ್ ಹಲಗೆಯನ್ನು ಬಿಸಿಲಿಗೆ ಹಿಡಿದು, ಬೆಳಕನ್ನು ಅವರ ಕೆನ್ನೆಯ ಕಡೆಗೆ ತಿರುಗಿಸಿದನು. ಮೈಸೂರಿನವರಾದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ಹಾಯಿಸಿದ್ದನ್ನು ನಾನು ಆಗ ಹೇಳಿದೆನು. ಹುಡುಗನು ಹಲಗೆಯನ್ನು ಇನ್ನಷ್ಟು ಗಂಭೀರವಾಗಿ ಹಿಡಿದುಕೊಂಡನು.

ಕಷ್ಟವಿದ್ದುದು ಸಂಕಲನದಲ್ಲಿ. ಹಿಂದೆ ಫಿಲ್ಮಿನ ಸುರುಳಿಯನ್ನೇ ಕತ್ತರಿಸಿ ಅಂಟಿಸುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ‘ಕೆಡೆನ್‌ಲೈವ್’ ಎಂಬ ಉಚಿತ ತಂತ್ರಾಂಶ. ಮೇಲೊಂದು ಪಟ್ಟಿಯಲ್ಲಿ ಚಿತ್ರ, ಕೆಳಗೊಂದು ಪಟ್ಟಿಯಲ್ಲಿ ಧ್ವನಿ. ಎರಡನ್ನೂ ಬೇರ್ಪಡಿಸಬಹುದು, ಬೇಕಾದಲ್ಲಿಗೆ ಸರಿಸಬಹುದು, ಬೇಡವೆನಿಸಿದರೆ ಮತ್ತೆ ಮೊದಲಿನಂತೆ ಮಾಡಬಹುದು. ರಷ್ಯದ ಲೆವ್ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆ ನಟನೊಬ್ಬನ ಒಂದೇ ಮುಖವನ್ನು ಸೂಪಿನ ಬಟ್ಟಲಿನೊಡನೆಯೂ ಶವಪೆಟ್ಟಿಗೆಯೊಡನೆಯೂ ಜೋಡಿಸಿ ತೋರಿಸಿದನಂತೆ. ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ.

ನಮ್ಮ ಹುಡುಗರು ಕುಲೆಶೋವನ ಹೆಸರನ್ನು ಕೇಳಿದವರಲ್ಲ. ಆದರೂ ಆ ವಿದ್ಯೆ ಒಂದೇ ವಾರದಲ್ಲಿ ಅವರ ಕೈಗೆ ಹತ್ತಿತು. “ಕೆರೆ ಬತ್ತಿದಾಗ ನಿಮಗೆ ಏನನ್ನಿಸಿತು?” ಎಂಬ ಪ್ರಶ್ನೆಯ ಮುಂದೆ, ನೀರುಗಂಟಿಯವರು ದೂರಕ್ಕೆ ಕಣ್ಣು ನೆಟ್ಟು ಮೌನವಾಗಿ ಕುಳಿತ ದೃಶ್ಯವನ್ನಿಟ್ಟು, ಕೆಳಗಿನ ಪಟ್ಟಿಗೆ ಕೊಳಲಿನ ದನಿಯನ್ನು ಸೇರಿಸಿದರು. ನೋಡಿದವರ ಕಣ್ಣು ತೇವಗೊಂಡಿತು, ನನ್ನದೂ ಹಾಗೆಯೇ.

ಆಗ, ಅಂದು ಮೈಕು ಹಿಡಿದಿದ್ದ ಹುಡುಗಿ ಎದ್ದು ನಿಂತಳು. “ಅದು ದುಃಖವಲ್ಲ ಸಾರ್. ಏರಿಯ ಮೇಲೆ ಬಸ್ಸು ಬರುತ್ತಿತ್ತು. ಅದರ ಸದ್ದು ಹೋಗುವವರೆಗೆ ಸುಮ್ಮನಿರಿ ತಾತ ಎಂದು ನಾನೇ ಹೇಳಿದ್ದೆ” ಎಂದಳು.

ಚರ್ಚೆ ಎರಡು ದಿನ ನಡೆಯಿತು. ಇಷ್ಟು ಚೆನ್ನಾಗಿ ಬಂದಿರುವುದನ್ನು ಏಕೆ ತೆಗೆಯಬೇಕು, ಯಾರಿಗೆ ತಿಳಿಯುತ್ತದೆ ಎಂದು ಹುಡುಗರು ವಾದಿಸಿದರು. “ತಾತನಿಗೆ ತಿಳಿಯುತ್ತದೆ” ಎಂಬುದೊಂದೇ ಅವಳ ಉತ್ತರ. ಕೊನೆಗೆ ಆ ಹುಡುಗರೇ ಮೌನವನ್ನು ತೆಗೆದು, ಅವರು ನಿಜವಾಗಿ ಕೊಟ್ಟಿದ್ದ ಉತ್ತರವನ್ನು ಅಲ್ಲಿಟ್ಟರು: “ಒಣಗ್ತು ಕಣವ್ವ. ಮೀನು ಸತ್ತೋದ್ವು. ಮುಂದಿನ ವರ್ಷ ಮಳೆ ಬಂತು.” ಕೊಳಲೂ ಹೋಯಿತು. ಚಿತ್ರ ಅಲ್ಲಿ ಸ್ವಲ್ಪ ಸಪ್ಪೆಯಾಯಿತೆಂಬುದನ್ನು ಒಪ್ಪಬೇಕು.

ಶಾಲೆಯ ಅಂಗಳದಲ್ಲಿ ಬಿಳಿಯ ಪಂಚೆ ಕಟ್ಟಿ ಚಿತ್ರವನ್ನು ತೋರಿಸಿದೆವು. ನೀರುಗಂಟಿಯವರು ಮುಂದಿನ ಸಾಲಿನಲ್ಲಿ ಕುಳಿತು, ರೆಪ್ಪೆ ಬಡಿಯದೆ ನೋಡಿದರು. ಮುಗಿದ ಮೇಲೆ ಆ ಹುಡುಗಿಯನ್ನು ಕರೆದು, “ಎಲ್ಲಾ ಸರಿ ಕಣವ್ವ, ತೂಬೆಲ್ಲಿ?” ಎಂದು ಕೇಳಿದರು. ತೂಬಿನ ದೃಶ್ಯವನ್ನು ಕತ್ತಲೆಯಾಗಿದೆಯೆಂದು ಮಕ್ಕಳು ಕೈಬಿಟ್ಟಿದ್ದರು. ಮುಂದಿನ ಭಾನುವಾರ ಬೆಳಿಗ್ಗೆ, ಥರ್ಮೋಕೋಲ್ ಹಲಗೆಯನ್ನು ಹೊತ್ತುಕೊಂಡು ಅವರೆಲ್ಲರೂ ಮತ್ತೆ ಕೆರೆಯ ಕಡೆಗೆ ಹೊರಟರು.