ನಿಂತ ಕಲ್ಲು, ಮಲಗಿದ ಕಲ್ಲು

ಅಪ್ಪ ಸಮುದ್ರ ಕಂಡಿರಲಿಲ್ಲ. ಸೇಡಂ ಕಡೆಯವರಾದ ನಮಗೆ ನೀರು ಎಂದರೆ ಕಾಗಿಣಾ ಹೊಳೆ, ಅಷ್ಟೇ. ನಾಲ್ವತ್ತು ವರ್ಷ ಫರಸಿ ಕಲ್ಲಿನ ಖಣಿಯಲ್ಲಿ ದುಡಿದ ಅಪ್ಪನಿಗೆ ಎಪ್ಪತ್ತು ದಾಟಿತ್ತು. ಅವ್ವ ಹೋದ ಮೇಲೆ ಮನೆಯಲ್ಲಿ ಒಬ್ಬನೇ. ಉಡುಪಿಯಲ್ಲಿ ನೌಕರಿಗಿರುವ ನಾನು ‘ನಮ್ಮ ಕೂಡ ಇದ್ದುಬಿಡು ಯಪ್ಪಾ’ ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದೆ. ಕೊನೆಗೊಮ್ಮೆ ‘ಊರ ನೋಡಿ ಹೇಳ್ತೀನಿ’ ಎಂದು ಒಪ್ಪಿದ. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟಿನೊಡನೆ ವಾಡಿಯಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಬಸ್ಸು ಹಿಡಿದು ಬಂದಿಳಿದ.

ಡಿಸೆಂಬರಿನ ಒಂದು ರವಿವಾರ ಅವನನ್ನು ಮಲ್ಪೆಗೆ ಕರೆದೊಯ್ದೆ. ಮಳೆಗಾಲದಲ್ಲಿ ಕಡಲು ಒರಟಾಗುವುದರಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುವುದಿಲ್ಲ; ಆಗ ಶಾಂತವಾಗಿತ್ತು. ದೋಣಿಯವರ ತುಳು ಮಾತು ಅಪ್ಪನಿಗೆ ಒಂದೂ ತಿಳಿಯದು. ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ನನ್ನ ಅಂಗಿಯ ತುದಿ ಹಿಡಿದೇ ಕೂತಿದ್ದ.

ದ್ವೀಪದಲ್ಲಿ ಮನೆಮಠಗಳಿಲ್ಲ. ತೆಂಗಿನ ಮರಗಳು, ಚಿಪ್ಪು ತುಂಬಿದ ದಂಡೆ, ಕಂಬಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂತಹ ಕಪ್ಪು ಬಂಡೆಗಳು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂದು ಪ್ರತೀತಿ. ಅಪ್ಪನಿಗೆ ಗಾಮನ ಕತೆ ಬೇಕಿರಲಿಲ್ಲ. ನೇರ ಬಂಡೆಯ ಹತ್ತಿರ ಹೋಗಿ ಅಂಗೈಯಿಂದ ಸವರಿದ; ಸಣ್ಣ ಕಲ್ಲೊಂದನ್ನು ಹೆಕ್ಕಿ ಮೆಲ್ಲಗೆ ತಟ್ಟಿ ಕಿವಿಗೊಟ್ಟ. ಖಣಿಯಲ್ಲಿ ಹಾಗೆ ಸದ್ದು ಕೇಳಿಯೇ ಪದರ ಎಲ್ಲಿ ಬಿಡುತ್ತದೆಂದು ಹೇಳುತ್ತಿದ್ದ.

‘ಇದಕ್ಕ ಪದರೇ ಇಲ್ಲಲ್ಲೋ ತಮ್ಮಾ! ನಮ್ ಕಲ್ಲ ಮಲಗ್ಯಾದ, ಇದು ಎದ್ದು ನಿಂತದ.’

ನಾನು ಓದಿದ್ದನ್ನು ಹೇಳಿದೆ. ಎಂಟು ಕೋಟಿ ವರ್ಷಗಳಿಗೂ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲಕ್ಕೆ ಭೂಮಿಯೊಳಗಿಂದ ಉಕ್ಕಿದ ಶಿಲಾರಸ ಇದು. ಆರುತ್ತ ಆರುತ್ತ ಕುಗ್ಗಿ, ಬಿಸಿಲಿಗೆ ಕೆರೆಯ ಕೆಸರು ಬಿರಿದಂತೆ ಬಿರಿದು, ಐದು-ಆರು ಮೂಲೆಯ ಕಂಬಗಳಾಯಿತು.

‘ಮತ್ತ ನಮ್ದು?’

ನಮ್ಮದು ಇದಕ್ಕಿಂತ ಎಷ್ಟೋ ಹಳೆಯದು ಎಂದೆ. ಸೇಡಂ, ಚಿತ್ತಾಪುರ, ಶಹಾಬಾದ ಇರುವಲ್ಲಿ ಒಂದು ಕಾಲಕ್ಕೆ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರದ ಮೇಲೆ ಪದರವಾಗಿ ಕೂತು ಗಟ್ಟಿಯಾದದ್ದೇ ಫರಸಿ.

ಅಪ್ಪ ಬಹಳ ಹೊತ್ತು ನೀರನ್ನೇ ನೋಡಿದ. ಆಮೇಲೆ ನಕ್ಕ. ‘ಅಂದ್ರ ನಾ ಇಷ್ಟ್ ವರ್ಷ ಸಮುದ್ರದ ತಳಾನೇ ಒಡದೀನಿ. ನಿಮ್ಮವ್ವಗ ಹೇಳಬೇಕಿತ್ತು ನೋಡು.’ ಕೂಲಿಯವನ ಮಗ ಎಂದು ಶಾಲೆಯಲ್ಲಿ ತಲೆತಗ್ಗಿಸುತ್ತಿದ್ದ ನನಗೆ ಆ ಗಳಿಗೆಯಲ್ಲಿ ಮಾತು ಹೊರಡಲಿಲ್ಲ.

ಮಧ್ಯಾಹ್ನ ಮಲ್ಪೆಯ ಸಣ್ಣ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಅಷ್ಟು ದಪ್ಪ ಅಗುಳು ಅಪ್ಪನಿಗೆ ಹಿಡಿಸಲಿಲ್ಲ. ಚೀಲದಿಂದ ಖಡಕ್ ರೊಟ್ಟಿ ತೆಗೆದು ಮುರಿದು ಸಾರಿನಲ್ಲಿ ನೆನೆಸಿದ. ಹೋಟೆಲಿನ ಅಮ್ಮ ಕುತೂಹಲದಿಂದ ಒಂದು ತುಣುಕು ಕೇಳಿ ತಿಂದರು. ‘ಇದು ಮುಗಿಯುವುದೇ ಇಲ್ಲ ಮಾರಾಯ್ರೆ’ ಎಂದು ಅಗಿಯುತ್ತಲೇ ನಕ್ಕರು. ಅಪ್ಪ ಉಡುಪಿಯಲ್ಲಿ ಮನಬಿಚ್ಚಿ ನಕ್ಕದ್ದು ಆಗಲೇ. ಇನ್ನು ಇಲ್ಲೇ ಉಳಿಯುತ್ತಾನೆ ಎಂದುಕೊಂಡೆ.

ರಾತ್ರಿ ಮಲಗುವಾಗ ಕೇಳಿದ: ‘ಆ ನಡುಗಡ್ಡ್ಯಾಗ ಯಾರೂ ಇರಂಗಿಲ್ಲಲ್ಲ?’

‘ಇಲ್ಲ. ಸಂಜಿಗೆ ಎಲ್ಲಾರೂ ವಾಪಸ್ ಬರ್ತಾರ.’

‘ಹಂಗೇ ಅದು. ನೋಡ್ಲಾಕ ಚಂದ ಅದ. ಇರ್ಲಾಕ ನಮ್ಮೂರೇ ಪಾಡ.’

ಬೇಸರವಾಯಿತು, ಆದರೂ ನಾಲ್ಕನೆಯ ದಿನ ಬಸ್ಸು ಹತ್ತಿಸಿದೆ.

ಮೊನ್ನೆ ಊರಿಗೆ ಹೋದಾಗ ಅವ್ವನ ಫೋಟೋದ ಮುಂದೆ, ಫರಸಿಯ ಮೇಲೆ, ಮಲ್ಪೆಯ ಒಂದು ಚಿಪ್ಪು ಇತ್ತು. ಕಟ್ಟೆಯ ಮೇಲೆ ಕೂತ ಗೆಳೆಯರಿಗೆ ಅಪ್ಪ ಗಂಭೀರವಾಗಿ ಹೇಳುತ್ತಿದ್ದ: ‘ನನ್ ಮಗ ಇರೋದು ಸಮುದ್ರದ ದಂಡಿಗೆ. ನಾ ಇರೋದು ಸಮುದ್ರದ ಮ್ಯಾಲೇ.’