ಕಾಲು ಹೋದ ಮೇಲಿನ ಆಯುಷ್ಯ

ಕಾಲು ಕಪ್ಪಾಗಿ ಕೊಳೆಯಲಾರಂಭಿಸಿದಾಗ ವೈದ್ಯರು ಮನೆಯವರ ಮುಂದೆ ಇಡುವ ಪ್ರಶ್ನೆ ಒಂದೇ: ಕಾಲು ಬೇಕೋ, ಜೀವ ಬೇಕೋ? ಇದಕ್ಕೆ ಉತ್ತರ ಕೊಡಲು ಯಾರಿಗೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಮಗನು ಕಾಗದಕ್ಕೆ ಸಹಿ ಮಾಡುತ್ತಾನೆ. ಶಸ್ತ್ರಕ್ರಿಯೆ ಮುಗಿದು ರೋಗಿ ಕಣ್ತೆರೆದೊಡನೆ ಗಂಡಾಂತರ ಕಳೆಯಿತೆಂದು ಬಂಧುಗಳು ಊರಿಗೆ ಮರಳುತ್ತಾರೆ. ಆದರೆ ರಕ್ತನಾಳಗಳು ಕಟ್ಟಿಕೊಂಡ ಕಾರಣದಿಂದ ಕಾಲು ಕಳೆದುಕೊಂಡವರ ವಿಷಯದಲ್ಲಿ ಗಂಡಾಂತರ ಕಳೆದಿರುವುದಿಲ್ಲ. ಈ ಸಂಗತಿ ನಮ್ಮ ಕುಟುಂಬಗಳಲ್ಲಿ ತಿಳಿದವರು ಕಡಿಮೆ. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರನಾಗಿ ಹಿಡಕಲ್ ಭಾಗದಲ್ಲಿ ಬೆಲ್ಲ ಹಾಗೂ ಗೋವಿನಜೋಳದ ವ್ಯಾಪಾರ ಮಾಡಿಕೊಂಡು ಬಂದವನು. ಅಂಕಿಗಳನ್ನು ಓದುವುದಷ್ಟೇ ನನಗೆ ಬಂದ ವಿದ್ಯೆ.

ಆ ಅಂಕಿಗಳು ಹೀಗಿವೆ. ಬೇರೆ ಬೇರೆ ದೇಶಗಳ ಆಸ್ಪತ್ರೆಗಳ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಒಟ್ಟು ಚಿತ್ರ ಒಂದೇ. ರಕ್ತನಾಳದ ರೋಗದಿಂದ ಮೊಣಕಾಲಿನ ಕೆಳಗೋ ಮೇಲೋ ಕಾಲು ತೆಗೆಸಿಕೊಂಡ 100 ಜನರಲ್ಲಿ ಸುಮಾರು 10 ಜನ ಮೊದಲ ತಿಂಗಳಲ್ಲಿಯೇ ತೀರಿಕೊಳ್ಳುತ್ತಾರೆ. ವರ್ಷ ತುಂಬುವಷ್ಟರಲ್ಲಿ ಆ ಸಂಖ್ಯೆ 30ರಿಂದ 50ಕ್ಕೆ ಏರುತ್ತದೆ. ಐದು ವರ್ಷಗಳ ಕೊನೆಗೆ ಅರ್ಧಕ್ಕಿಂತ ಹೆಚ್ಚು ಜನ ಉಳಿದಿರುವುದಿಲ್ಲ. ಅನೇಕ ಬಗೆಯ ಕ್ಯಾನ್ಸರುಗಳಿಗಿಂತಲೂ ಇದು ಕಠಿಣವಾದ ಲೆಕ್ಕ. ಮೊಣಕಾಲಿನ ಮೇಲೆ ತೆಗೆಸಿಕೊಂಡವರ ಸ್ಥಿತಿ ಕೆಳಗೆ ತೆಗೆಸಿಕೊಂಡವರಿಗಿಂತ ಕಷ್ಟ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮೇಲೆ ಇರುವವರದು ಇನ್ನೂ ಕಷ್ಟ.

ಇದಕ್ಕೆ ಶಸ್ತ್ರವೈದ್ಯರನ್ನು ದೂರಬಾರದು. ನಮ್ಮ ಘಟಪ್ರಭಾ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಾರದಿದ್ದರೆ ದೋಷ ಆ ಹೊಲದಲ್ಲಿ ಇರುವುದಿಲ್ಲ, ಮೇಲಿನ ಕಾಲುವೆಯಲ್ಲಿ ಹೂಳು ತುಂಬಿರುತ್ತದೆ ಎಂಬುದನ್ನು ಒಕ್ಕಲಿಗರು ಬಲ್ಲರು. ದೇಹದಲ್ಲಿಯೂ ಅದೇ ಕ್ರಮ. ಪಾದಕ್ಕೆ ರಕ್ತ ತಲುಪದಂತೆ ನಾಳವನ್ನು ಕಟ್ಟಿದ ಜಿಡ್ಡು ಹೃದಯದ ನಾಳದಲ್ಲಿಯೂ ಮಿದುಳಿನ ನಾಳದಲ್ಲಿಯೂ ಕೂಡಿಕೊಂಡಿರುತ್ತದೆ. ಹೊಲವನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಕಾಲುವೆ ಸ್ವಚ್ಛವಾಗುವುದಿಲ್ಲ. ಕಾಲು ಕಳೆದುಕೊಂಡವರಲ್ಲಿ ಬಹಳ ಜನ ಮುಂದೆ ಹೃದಯದ ಕಾಯಿಲೆಯಿಂದಲೇ ತೀರಿಕೊಳ್ಳುತ್ತಾರೆ.

ನೆಹರೂ ಅವರ ಸ್ನೇಹಿತರಾಗಿ ನಮ್ಮ ಪೀಳಿಗೆಗೆ ಪರಿಚಿತರಾಗಿದ್ದ ಯುಗೊಸ್ಲಾವಿಯದ ಅಧ್ಯಕ್ಷ ಮಾರ್ಷಲ್ ಟಿಟೊ ಅವರನ್ನು ವಾಚಕರು ನೆನೆಯಬಹುದು. ಕಾಲಿನ ರಕ್ತನಾಳ ಕಟ್ಟಿದ್ದರಿಂದ 1980ರ ಜನವರಿಯಲ್ಲಿ ಅವರ ಎಡಗಾಲನ್ನು ತೆಗೆಯಲಾಯಿತು. ಒಂದು ರಾಷ್ಟ್ರದ ವೈದ್ಯಕೀಯ ಬಲವೆಲ್ಲ ಹಾಸಿಗೆಯ ಸುತ್ತ ನಿಂತಿತ್ತು. ಅದೇ ವರ್ಷ ಮೇ 4ರಂದು ಅವರು ತೀರಿಕೊಂಡರು. ನಾಲ್ಕು ತಿಂಗಳೂ ತುಂಬಲಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ಬಗೆಯವರೂ ಇದ್ದಾರೆ. ಬೀಡಿಯ ಚಟದಿಂದ ಮೂವತ್ತು ನಲವತ್ತರ ವಯಸ್ಸಿನಲ್ಲಿಯೇ ಬೆರಳು, ಪಾದ ಕಳೆದುಕೊಳ್ಳುವವರು. ಇದಕ್ಕೆ ಬರ್ಜರ್ ರೋಗವೆಂದು ಹೆಸರು. ಇವರ ಲೆಕ್ಕ ಬೇರೆ: ತಂಬಾಕನ್ನು ಸಂಪೂರ್ಣ ಬಿಟ್ಟರೆ ಉಳಿದ ಅಂಗವೂ ಉಳಿಯುತ್ತದೆ, ಆಯುಷ್ಯವೂ ಬಹುಮಟ್ಟಿಗೆ ಉಳಿಯುತ್ತದೆ, ಬಿಡದಿದ್ದರೆ ಒಂದೊಂದೇ ಅಂಗ ಹೋಗುತ್ತದೆ. ನಿಪ್ಪಾಣಿಯ ತಂಬಾಕಿನ ಪೇಟೆ ನಮಗೆ ದೂರದ್ದಲ್ಲ. ಆ ವ್ಯಾಪಾರದ ಹಣ ನಮ್ಮ ಬಸದಿಗಳ ಕಾಣಿಕೆಯ ಪೆಟ್ಟಿಗೆಗೆ ಬಂದೇ ಇಲ್ಲವೆಂದು ನಾನು ಹೇಳಲಾರೆ.

ನನ್ನ ಅಕ್ಕನ ಯಜಮಾನರ ವಿಷಯವನ್ನು ಇಲ್ಲಿ ನಿವೇದಿಸುವುದು ಅವಶ್ಯವೆನಿಸುತ್ತದೆ. ಅವರಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಬೇನೆ. ಅಂಗಡಿಯಲ್ಲಿ ಕುಳಿತಾಗ ಸುಣ್ಣ ತಂಬಾಕು ತಿಕ್ಕುವ ರೂಢಿ. 2017ರ ಫೆಬ್ರುವರಿಯಲ್ಲಿ, 71ನೆಯ ವಯಸ್ಸಿನಲ್ಲಿ, ಹೆಬ್ಬೆರಳಿನ ಚಿಕ್ಕ ಗಾಯ ಕಪ್ಪಾಗಿ ಮೇಲೇರಿತು. ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕೆಂದರು. ಭಾವನವರು ಒಪ್ಪಲಿಲ್ಲ. “ಇನ್ನೇನು ಉಳಿದಿದೆ, ಸಲ್ಲೇಖನ ತೆಗೆದುಕೊಳ್ಳುತ್ತೇನೆ” ಎಂದರು. ನಮ್ಮ ಬಸದಿಯ ವೃದ್ಧ ಪಂಡಿತರೊಬ್ಬರು ಬಂದು ಹಾಸಿಗೆಯ ಪಕ್ಕದಲ್ಲಿ ಕುಳಿತು, “ರಾಯರೇ, ಇದನ್ನು ವೈರಾಗ್ಯದಿಂದ ಕೇಳುತ್ತೀರೋ, ಮಕ್ಕಳಿಗೆ ಭಾರವಾದೇನೆಂಬ ಅಂಜಿಕೆಯಿಂದಲೋ?” ಎಂದು ಕೇಳಿದರು. ಭಾವನವರು ಉತ್ತರ ಕೊಡಲಿಲ್ಲ. ಮರುದಿನ ಸಹಿ ಮಾಡಿದರು.

ಪಂಡಿತರ ಪ್ರಶ್ನೆ ಶಾಸ್ತ್ರಸಮ್ಮತವಾದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಧರ್ಮಾರ್ಥವಾಗಿ ದೇಹತ್ಯಾಗವನ್ನು ಹೇಳಿದ್ದಾರೆ. ತತ್ವಾರ್ಥಸೂತ್ರವು ಬದುಕಬೇಕೆಂಬ ಹಂಬಲವನ್ನೂ ಬೇಗ ಸಾಯಬೇಕೆಂಬ ಹಂಬಲವನ್ನೂ ಒಂದೇ ಸಾಲಿನಲ್ಲಿಟ್ಟು ಎರಡನ್ನೂ ವ್ರತದ ಅತಿಚಾರಗಳೆಂದು ಎಣಿಸಿದೆ. 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಅಪರಾಧವೆಂದು ತೀರ್ಪಿತ್ತು, ಅದೇ ತಿಂಗಳ ಕೊನೆಗೆ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿದಾಗ ನಾವೆಲ್ಲ ಬೀದಿಗಿಳಿದು ವ್ರತವನ್ನು ಸಮರ್ಥಿಸಿದೆವು. ಹಾಗೆ ಸಮರ್ಥಿಸಿದವರು, ನೋವಿಗೆ ಅಂಜಿ ಆಡಿದ ಮಾತಿಗೆ ವ್ರತದ ಹೆಸರು ಬೀಳದಂತೆಯೂ ಎಚ್ಚರ ವಹಿಸಬೇಕಾಗುತ್ತದೆ. 85 ದಾಟಿದ, ಹೃದಯವೂ ಮೂತ್ರಪಿಂಡವೂ ಸೋತ ವೃದ್ಧರು ಮೇಲಿನ ಅಂಕಿಗಳನ್ನೆಲ್ಲ ತಿಳಿದುಕೊಂಡು ಶಸ್ತ್ರಕ್ರಿಯೆ ಬೇಡವೆಂದರೆ ಆ ಮಾತು ಬೇರೆ. ಅಲ್ಲಿ ಒತ್ತಾಯಿಸುವುದು ಮಕ್ಕಳ ಧರ್ಮವಲ್ಲವೆಂದೇ ನನ್ನ ಅಭಿಪ್ರಾಯ. ತಿಳಿದು ಬೇಡವೆನ್ನಬೇಕಾದರೆ ಅವರಿಗೆ ಮೊದಲು ಯಾರಾದರೂ ತಿಳಿಸಿರಬೇಕು.

ತಿಳಿಸುವುದನ್ನೇ ನಾವು ತಪ್ಪಿಸುತ್ತೇವೆ. ನನ್ನ ಸೋದರಳಿಯ ವೈದ್ಯರನ್ನು ಹೊರಗೆ ಕರೆದು, “ಅಪ್ಪಾಜಿಯವರಿಗೆ ಏನೂ ಹೇಳಬೇಡಿರಿ” ಎಂದು ಕೈಮುಗಿದ. ಪ್ರೀತಿಯಿಂದ ಆಡಿದ ಮಾತು, ನಿಜ. ಆದರೆ ಭಾವನವರು ವ್ಯಾಪಾರಿ. ಹೊಲಿಗೆ ಬಿಚ್ಚಿದ ದಿನ ಕಿರಿಯ ವೈದ್ಯರೊಬ್ಬರನ್ನು ತಡೆದು, “ಡಾಕ್ಟರೇ, ನನ್ನ ಖಾತೆ ಮುಚ್ಚುವುದಿದೆ. ಎಷ್ಟು ದಿನವಿದೆ, ಹೇಳಿಬಿಡಿರಿ” ಎಂದರು. ಆ ಹುಡುಗ ಸುಳ್ಳಾಡಲಿಲ್ಲ. “ಹತ್ತು ಜನರಲ್ಲಿ ಮೂವರು ನಾಲ್ವರು ವರ್ಷ ದಾಟುವುದಿಲ್ಲ. ನೀವು ದಾಟಬೇಕೆಂದರೆ ತಂಬಾಕು ಬಿಡಿರಿ, ಹೃದಯದ ಗುಳಿಗೆ ಒಂದು ದಿನವೂ ತಪ್ಪಿಸಬೇಡಿರಿ, ಉಳಿದ ಕಾಲನ್ನು ದಿನಾಲೂ ನೋಡಿಕೊಳ್ಳಿರಿ” ಎಂದರು.

ಅವರು 19 ತಿಂಗಳು ಬದುಕಿದರು. ಬೆಲ್ಲ ತಂದ ಒಕ್ಕಲಿಗರ ಹಳೆಯ ಬಾಕಿಗಳನ್ನು ಹೆಸರು ಹೆಸರಾಗಿ ತೀರಿಸಿದರು. ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದ ತಮ್ಮನನ್ನು ಕರೆಸಿ ಕ್ಷಮೆ ಕೇಳಿದರು. ಸ್ತವನಿಧಿಯ ಪಾರ್ಶ್ವನಾಥರ ದರ್ಶನವಾಯಿತು. ಎಲ್ಲವೂ ಸುಖವಾಗಿತ್ತೆಂದಲ್ಲ, ಇಲ್ಲದ ಪಾದ ಉರಿಯುತ್ತದೆಂದು ರಾತ್ರಿ ಎದ್ದು ಕೂರುತ್ತಿದ್ದರು, ಅಕ್ಕ ಬರಿಯ ಹಾಸಿಗೆಯನ್ನು ನೀವುತ್ತಿದ್ದಳು. 2018ರ ಸೆಪ್ಟೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಶಸ್ತ್ರಕ್ರಿಯೆಯ ದಿನ ಆಸ್ಪತ್ರೆಯಲ್ಲಿ ನಮ್ಮ ಬಂಧುಗಳು ಇಪ್ಪತ್ತಾರು ಜನರಿದ್ದರು. ಸಮಾಜದ ನಿಧಿಯಿಂದ ಒಂದು ಗಂಟೆಯೊಳಗೆ ಹಣ ಕೂಡಿತು. ಮೂರನೆಯ ತಿಂಗಳಿಂದ ಗುಳಿಗೆಗೆ, ಗಾಯದ ಪಟ್ಟಿಗೆ, ಬೆಳಗಾವಿಯ ಬಾಡಿಗೆ ಗಾಡಿಗೆ ಕೇಳಿದಾಗ ಅಂಥ ಖರ್ಚಿಗೆ ನಿಯಮದಲ್ಲಿ ಅವಕಾಶವಿಲ್ಲವೆಂದು ವಿಶ್ವಸ್ತರು ಹೇಳಿದರು. ಸೇವೆಯನ್ನು, ಅಂದರೆ ವೈಯಾವೃತ್ಯವನ್ನು, ಆಭ್ಯಂತರ ತಪಸ್ಸುಗಳ ಸಾಲಿಗೆ ಸೇರಿಸಿದ ಪರಂಪರೆ ನಮ್ಮದು. ಮೇಲಿನ ಅಂಕಿಗಳನ್ನು ನೋಡಿದರೆ ಶಸ್ತ್ರಕ್ರಿಯೆಯ ನಂತರದ ಹನ್ನೆರಡು ತಿಂಗಳುಗಳೇ ಹಣಕ್ಕೂ ಜನಕ್ಕೂ ಕರೆಯುವ ಕಾಲ. ರಕ್ತ ತೆಳುವಾಗಿಸುವ ಹಾಗೂ ಕೊಬ್ಬು ಇಳಿಸುವ ಗುಳಿಗೆಗಳು ಇಂದು ದುಬಾರಿಯಲ್ಲ; ಅವು ತಪ್ಪುವುದು ತರುವವರಿಲ್ಲದೆ.

ಕೃತಕ ಕಾಲಿನ ವಿಷಯದಲ್ಲಿ ನಮ್ಮವರ ಕಾರ್ಯ ಅಭಿಮಾನ ಪಡುವಂಥದು. ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಅವರು 1968ರಲ್ಲಿ ರೂಪಿಸಿದ ಜೈಪುರ ಪಾದವನ್ನು ಬಡವರಿಗೆ ಉಚಿತವಾಗಿ ಮುಟ್ಟಿಸಲು, ಮಹಾವೀರ ಸ್ವಾಮಿಗಳ 2500ನೆಯ ನಿರ್ವಾಣೋತ್ಸವದ ಕಾಲದಲ್ಲಿ, 1975ರಲ್ಲಿ, ಡಿ. ಆರ್. ಮೆಹತಾ ಅವರು ಜೈಪುರದಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದರು. ಹುಬ್ಬಳ್ಳಿಯಲ್ಲಿಯೂ ಮಹಾವೀರ ಲಿಂಬ್ ಸೆಂಟರ್ ಇದೆ. ಭಾವನವರು ಕೃತಕ ಕಾಲು ಹಾಕಿಕೊಂಡು ಮನೆಯಿಂದ ಅಂಗಡಿಯ ಕಟ್ಟೆಯವರೆಗೆ ನಡೆದರು. ಆದರೆ ಮೊಣಕಾಲಿನ ಮೇಲೆ ಕಳೆದುಕೊಂಡ ವೃದ್ಧರಿಗೆ ನಡೆಯಲು ಬೇಕಾಗುವ ಶ್ರಮ ಬಹಳ ಹೆಚ್ಚು. ದುರ್ಬಲ ಹೃದಯ ಅದನ್ನು ತಾಳದು. ಅಂಥವರಿಗೆ ಗಾಲಿಕುರ್ಚಿಯೂ ಬಾಗಿಲಿನ ಇಳಿಜಾರೂ ಹೆಚ್ಚು ಉಪಯೋಗಿ. ನಮ್ಮ ಎಷ್ಟು ಬಸದಿಗಳಿಗೆ ಇಳಿಜಾರಿದೆ?

ಬಸದಿಯ ಮಾತು ಬಂದುದರಿಂದ ಇನ್ನೊಂದು ವಿಷಯ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿ ಜನ ಮಧುಮೇಹಿಗಳಿದ್ದಾರೆ. ಬಹುಕಾಲದ ಮಧುಮೇಹದಿಂದ ಪಾದ ಜೋಮುಗಟ್ಟಿರುತ್ತದೆ, ಸುಟ್ಟರೂ ತಿಳಿಯುವುದಿಲ್ಲ. ನಾವು ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕುವವರು. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ನಮ್ಮ ಬಸದಿಯ ಅಂಗಳದ ಕಲ್ಲು ಹೆಂಚಿನಂತೆ ಕಾಯುತ್ತದೆ. ಕಾಲು ಹೋಗುವ ದಾರಿ ಇಂಥ ಗುಳ್ಳೆಯಿಂದಲೇ ಆರಂಭವಾಗಬಹುದು. ಕಳೆದ ವರ್ಷದ ವಿಶ್ವಸ್ತರ ಸಭೆಯಲ್ಲಿ ಪ್ರದಕ್ಷಿಣಾ ಪಥಕ್ಕೆ ನಾರಿನ ಚಾಪೆ ಹಾಸಬೇಕೆಂದು ನಾನು ವಿನಂತಿಸಿದೆ. ಶಿಖರದ ಬಣ್ಣದ ಕೆಲಸ ಮುಗಿದ ನಂತರ ನೋಡೋಣವೆಂದರು. ಅಕ್ಕ ಯಾರನ್ನೂ ಕೇಳದೆ ಗೋಕಾಕದ ಸಂತೆಯಿಂದ ಆರು ಚಾಪೆ ತರಿಸಿ ಹಾಸಿಸಿದಳು. ಮಳೆಗಾಲದಲ್ಲಿ ಸುತ್ತಿ ಒಳಗಿಡುವುದೂ ಆಕೆಯೇ.