ಹೆಂಚಿನ ಕೆಳಗಿನ ತಂತಿ

ಮಕ್ಕಳೇ, ನಿಮ್ಮ ಮನೆಯಲ್ಲಿ ಎಫ್.ಎಂ. ಕೇಳಿಸುವ ಟ್ರಾನ್ಸಿಸ್ಟರ್ ರೇಡಿಯೊ ಇದೆಯೆ? ಇದ್ದರೆ ಅದರ ಕಡ್ಡಿಯನ್ನು ಪೂರ್ತಿ ಎಳೆದು ಸ್ಕೇಲಿನಿಂದ ಅಳೆಯಿರಿ. ಸಾಮಾನ್ಯವಾಗಿ ಅದು ಅರ್ಧ ಮೀಟರಿಗಿಂತ ಹೆಚ್ಚು, ಒಂದು ಮೀಟರಿಗಿಂತ ಕಡಿಮೆ ಇರುತ್ತದೆ. ಈ ಕಡ್ಡಿಯೇ ಆಂಟೆನಾ. ಅದು ಅಷ್ಟೇ ಉದ್ದ ಏಕೆ?

ಇದಕ್ಕೆ ಒಂದು ಸುಲಭವಾದ ಲೆಕ್ಕವಿದೆ. ಬೆಂಗಳೂರಿನ ಎಫ್.ಎಂ. ರೇನ್‌ಬೋ ಕೇಂದ್ರದ ಆವೃತ್ತಿ 101.3 ಮೆಗಾಹರ್ಟ್ಸ್. 300ನ್ನು ಈ ಸಂಖ್ಯೆಯಿಂದ ಭಾಗಿಸಿ. ಸುಮಾರು 3 ಬರುತ್ತದೆ. ಅಂದರೆ ಆ ತರಂಗದ ಉದ್ದ ಸುಮಾರು 3 ಮೀಟರ್. ಅದರ ಕಾಲುಭಾಗ 75 ಸೆಂಟಿಮೀಟರ್. ತರಂಗ ಬಂದು ತಾಗಿದಾಗ ಲೋಹದೊಳಗಿನ ಎಲೆಕ್ಟ್ರಾನುಗಳು ಅತ್ತಿತ್ತ ಓಲಾಡುತ್ತವೆ. ಉಯ್ಯಾಲೆಯನ್ನು ಸರಿಯಾದ ಸಮಯಕ್ಕೆ ತಳ್ಳಿದರೆ ಅದು ಚೆನ್ನಾಗಿ ತೂಗುತ್ತದಲ್ಲವೆ? ಹಾಗೆಯೇ ಕಡ್ಡಿಯ ಉದ್ದ ತರಂಗಕ್ಕೆ ಹೊಂದಿಕೊಂಡರೆ ಈ ಓಲಾಟವೂ ಹೆಚ್ಚುತ್ತದೆ.

ಈ ಲೆಕ್ಕ ನನಗೆ ಉಪಯೋಗಕ್ಕೆ ಬಂದದ್ದು ಗೂಳೂರಿನಲ್ಲಿ. ತುಮಕೂರಿನ ಪಕ್ಕದ ಈ ಊರಿನ ಮಣ್ಣಿನ ಮಹಾಗಣಪತಿಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅಲ್ಲಿ ನನಗೆ ಪರಿಚಯದ ನಿವೃತ್ತ ಸೈನಿಕರೊಬ್ಬರಿದ್ದಾರೆ. ಅವರು ಬೆಂಗಳೂರಿನ ಹಳೆಯ ಸಾಮಾನುಗಳ ಸಂತೆಯಿಂದ ಒಂದು ಭಾರವಾದ ಕಪ್ಪು ಪೆಟ್ಟಿಗೆ ತಂದಿದ್ದರು. ಅದು ಬಿ.ಸಿ. 348 ಎಂಬ ರೇಡಿಯೊ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳಲ್ಲಿ ಬಳಸಿದ್ದು. ಆ ಕಾಲದಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕದ ವಿಮಾನಗಳು ರಿಪೇರಿಯಾಗುತ್ತಿದ್ದವು. ಈ ರೇಡಿಯೊದಲ್ಲಿ ಟ್ರಾನ್ಸಿಸ್ಟರುಗಳಿಲ್ಲ, ಗಾಜಿನ ವಾಲ್ವುಗಳಿವೆ. ನಡೆಯಲು 28 ವೋಲ್ಟ್ ಡಿ.ಸಿ. ವಿದ್ಯುತ್ ಬೇಕು. ಇದು ಕೇಳಲು ಮಾತ್ರ, ಮಾತನಾಡಲು ಅಲ್ಲ.

ವಿಮಾನದಲ್ಲಿ ಇದಕ್ಕೆ ಉದ್ದನೆಯ ತಂತಿ ಕಟ್ಟುತ್ತಿದ್ದರು. ಮನೆಯಲ್ಲಿ ಏನು ಮಾಡುವುದು? ಅವರದು ಬಾಡಿಗೆ ಮನೆ. ಕಂಬ ನೆಡಬಾರದು, ಗೋಡೆ ಕೊರೆಯಬಾರದು ಎಂದು ಮಾಲೀಕರು ಹೇಳಿದ್ದರು. ಸೇನೆಯ ರೇಡಿಯೊ, ಮೇಲೊಂದು ಎತ್ತರದ ಕಂಬ ಎಂದರೆ ಊರಿನಲ್ಲಿ ಏನೇನೋ ಮಾತು ಹುಟ್ಟುತ್ತದೆ ಎಂಬ ಅಳುಕು ಅವರಿಗೂ ಇತ್ತು. “ಮೇಷ್ಟ್ರೇ, ಯಾರ ಕಣ್ಣಿಗೂ ಬೀಳದ ಆಂಟೆನಾ ಹೇಳಿ” ಎಂದರು.

ಹವ್ಯಾಸಿ ರೇಡಿಯೊದವರ, ಅಂದರೆ ಹ್ಯಾಮ್‌ಗಳ ಮಾತು ಕೇಳಬೇಕೆಂಬುದು ಅವರ ಆಸೆ. ಅವರು ಬಳಸುವ ಆವೃತ್ತಿಗಳಲ್ಲಿ ಒಂದು 7 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿದೆ. 300ನ್ನು 7ರಿಂದ ಭಾಗಿಸಿದರೆ ಸುಮಾರು 43. ಕಾಲುಭಾಗ ಹತ್ತಿರ ಹತ್ತಿರ 11 ಮೀಟರ್. ಇಷ್ಟು ಉದ್ದದ ತೆಳು ತಂತಿಗೆ ನಾವು ಮೂರು ಜಾಗ ಯೋಚಿಸಿದೆವು.

ಮೊದಲನೆಯದು, ಮನೆಯಿಂದ ಹಿತ್ತಲ ತೆಂಗಿನ ಮರದವರೆಗೆ. ಕೇಳಲು ಇದೇ ಎಲ್ಲಕ್ಕಿಂತ ಒಳ್ಳೆಯದು. ಆದರೆ ನಡುವೆ ವಿದ್ಯುತ್ ಲೈನು ಹಾದುಹೋಗಿತ್ತು. ಗಾಳಿಗೆ ತಂತಿ ಹರಿದು ಅದರ ಮೇಲೆ ಬಿದ್ದರೆ ಜೀವವೇ ಹೋದೀತು. ಆ ಯೋಚನೆ ಅಲ್ಲಿಗೇ ಬಿಟ್ಟೆವು.

ಎರಡನೆಯದು, ಹಿಂಬದಿಯ ತಗಡಿನ ಮಾಡಿನ ಕೆಳಗೆ. ಅಲ್ಲಿ ಯಾರಿಗೂ ಕಾಣುವುದಿಲ್ಲ. ಆದರೆ ಕಟ್ಟಿ ನೋಡಿದಾಗ ಬರೀ ಗುಂಯ್ ಎಂಬ ಸದ್ದು. ತಗಡು ಲೋಹವಲ್ಲವೆ? ತರಂಗವನ್ನು ಅದು ಮೇಲೆಯೇ ಹಿಂದಕ್ಕೆ ಕಳುಹಿಸುತ್ತಿತ್ತು.

ಮೂರನೆಯದು, ಮುಂದಿನ ಕೋಣೆಗಳ ಮಂಗಳೂರು ಹೆಂಚಿನ ಕೆಳಗೆ, ಮರದ ತೊಲೆಯ ಉದ್ದಕ್ಕೂ. ಹೆಂಚು ಸುಟ್ಟ ಮಣ್ಣು. ನಮ್ಮ ಕಣ್ಣಿಗೆ ಅದು ಗೋಡೆ, ರೇಡಿಯೊ ತರಂಗಕ್ಕೆ ತೆರೆದ ಬಾಗಿಲು. ಎಲ್.ಇ.ಡಿ. ಬಲ್ಬು ಮತ್ತು ಮೊಬೈಲ್ ಚಾರ್ಜರಿನಿಂದ ಕರಕರ ಸದ್ದು ಬರುತ್ತಿತ್ತು. ತಂತಿಯನ್ನು ಮನೆಯ ವೈರಿಂಗಿನಿಂದ ದೂರ ಸರಿಸಿದೆವು. ಸಂಜೆಯಾಗುತ್ತಲೇ ದೂರದೂರದ ದನಿಗಳು ಒಂದೊಂದಾಗಿ ಕೇಳತೊಡಗಿದವು.

ಆಗ ಅವರು ನೂರ್ ಇನಾಯತ್ ಖಾನ್ ಅವರ ವಿಷಯ ತೆಗೆದರು. ನೂರ್ ನಮ್ಮ ಟಿಪ್ಪು ಸುಲ್ತಾನರ ವಂಶದವರು. 1943ರ ಜೂನ್‌ನಲ್ಲಿ ಬ್ರಿಟನ್ ಅವರನ್ನು, ಜರ್ಮನ್ನರು ಆಕ್ರಮಿಸಿದ್ದ ಫ್ರಾನ್ಸಿಗೆ ಗುಪ್ತ ರೇಡಿಯೊ ಕೆಲಸಕ್ಕೆ ಕಳುಹಿಸಿತು. ಸೂಟ್‌ಕೇಸಿನಲ್ಲಿ ರೇಡಿಯೊ, ಜೊತೆಗೆ ಉದ್ದನೆಯ ತಂತಿ. ಹೋದಲ್ಲೆಲ್ಲ ತಂತಿ ಹರಡಬೇಕು, ಯಾರಿಗೂ ಕಾಣಬಾರದು. ಆದರೆ ನೂರ್ ಕೇಳುವುದಷ್ಟೇ ಅಲ್ಲ, ಸಂದೇಶ ಕಳುಹಿಸುತ್ತಲೂ ಇದ್ದರು. ತಂತಿಯನ್ನು ಬಚ್ಚಿಡಬಹುದು, ಅದರಿಂದ ಹೊರಟ ತರಂಗವನ್ನು ಬಚ್ಚಿಡಲಾಗದು. ಅದು ಎತ್ತ ಕಡೆಯಿಂದ ಬರುತ್ತಿದೆ ಎಂದು ಪತ್ತೆ ಹಚ್ಚಲು ಜರ್ಮನ್ನರ ವಾಹನಗಳು ಬೀದಿ ಬೀದಿ ಸುತ್ತುತ್ತಿದ್ದವು. ಅದಕ್ಕಾಗಿಯೇ ಅವರು ಜಾಗ ಬದಲಿಸುತ್ತಲೇ ಇರಬೇಕಾಗಿತ್ತು. ಕೊನೆಗೆ ಯಾರೋ ದ್ರೋಹ ಬಗೆದದ್ದರಿಂದ ಅಕ್ಟೋಬರ್‌ನಲ್ಲಿ ಸೆರೆಸಿಕ್ಕರು. 1944ರ ಸೆಪ್ಟೆಂಬರ್‌ನಲ್ಲಿ ಡಾಖಾವ್ ಶಿಬಿರದಲ್ಲಿ ಅವರನ್ನು ಕೊಲ್ಲಲಾಯಿತು. ಆಗ ಅವರ ವಯಸ್ಸು 30.

ಗೂಳೂರಿನ ತಂತಿಗೆ ಅಂಥ ಭಯವಿಲ್ಲ, ಅದು ಸುಮ್ಮನೆ ಕೇಳುತ್ತದೆ. ರೇಡಿಯೊದಲ್ಲಿ ಮಾತನಾಡಬೇಕೆನ್ನುವವರು ಕೇಂದ್ರ ಸರ್ಕಾರದ ಪರವಾನಗಿ ಪಡೆಯಬೇಕು. ಹ್ಯಾಮ್ ಆಗಲು ಅದಕ್ಕೆಂದೇ ಪರೀಕ್ಷೆಯೂ ಇದೆ. ನೀವೂ ಮುಂದೆ ಬರೆಯಬಹುದು.

ಒಂದು ಎಚ್ಚರಿಕೆ ನೆನಪಿಡಿ. ವಿದ್ಯುತ್ ಲೈನಿನ ಹತ್ತಿರ ಯಾವ ತಂತಿಯನ್ನೂ ಎಸೆಯಬೇಡಿ, ಕಟ್ಟಬೇಡಿ. ಮೋಡ ಕವಿಯುವ ಮೊದಲೇ ಆಂಟೆನಾ ತಂತಿಯನ್ನು ರೇಡಿಯೊದಿಂದ ಬಿಚ್ಚಿಡಬೇಕು. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲೇಬಾರದು.

ಈಗ ನೀವೇ ಮಾಡಿ ನೋಡಿ. ಬ್ಯಾಟರಿಯಿಂದ ನಡೆಯುವ ಸಣ್ಣ ರೇಡಿಯೊವನ್ನು ಒಂದು ಕೇಂದ್ರಕ್ಕೆ ಹೊಂದಿಸಿ ಒಣ ಮಣ್ಣಿನ ಮಡಕೆಯೊಳಗೆ ಇಡಿ. ಬಾಯಿಗೆ ಮಣ್ಣಿನ ಮುಚ್ಚಳ ಮುಚ್ಚಿ. ಆಮೇಲೆ ಅದನ್ನೇ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಡಿ. ಎರಡರಲ್ಲೂ ದನಿ ಸ್ವಲ್ಪ ಮಂಕಾಗುತ್ತದೆ. ಆದರೆ ಕಾರ್ಯಕ್ರಮ ಯಾವುದರಲ್ಲಿ ಉಳಿಯಿತು, ಯಾವುದರಲ್ಲಿ ಬರೀ ಸುಯ್ ಎಂದಿತು? ಕಾರಣವನ್ನು ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.